ಕೇಳಿ, ಹೇಳುತ್ತೇವೆ: ಲಿವರಿನ ಉರಿಯೂತ ಮತ್ತು ಅದರ ಓಲೆಕಾರರು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಲಿವರಿನ ಬಗ್ಗೆ ಕಳಿಸಿದ ಪ್ರಶ್ನೆಗಳಲ್ಲಿ ಎಂಟನ್ನು ಆರಿಸಿಕೊಂಡಿದ್ದೇವೆ. ಉತ್ತರ ಓದಿ ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ, ಶುರು ಮಾಡಲೂಬೇಡಿ.

ಪ್ರಶ್ನೆ: ನನಗೆ 46 ವರ್ಷ, ತೂಕ 72 ಕೆ.ಜಿ. ಮೊಟ್ಟೆ ಕೂಡ ಮುಟ್ಟುವವಳಲ್ಲ, ಕುಡಿತದ ಮಾತೇ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2 ಅಂತ ಬಂದಿದೆ. ಎಸ್‌ಜಿಪಿಟಿ 78, ಎಸ್‌ಜಿಓಟಿ 52, ಪ್ಲೇಟ್‌ಲೆಟ್ 2.4 ಲಕ್ಷ. ಡಾಕ್ಟರು ‘ಒಳಗೆ ಉರಿಯೂತ ಇದೆ’ ಅಂದರು. ನೋವಿಲ್ಲ, ಜ್ವರವಿಲ್ಲ, ಇದೆಂಥ ಉರಿಯೂತ? (ಗೌರಿಬಿದನೂರು)

ಲಿವರಿನ ಒಳಮೈಗೆ ನೋವು ತಿಳಿಯುವುದಿಲ್ಲ. ನೋವು ಗೊತ್ತಾಗುವುದು ಅದರ ಮೇಲಿನ ತೆಳು ಹೊದಿಕೆಗೆ, ಅದೂ ಲಿವರು ಬೇಗ ಊದಿಕೊಂಡು ಹೊದಿಕೆ ಬಿಗಿದಾಗ. ಆದ್ದರಿಂದ ನಿಮ್ಮಂಥವರಲ್ಲಿ ಉರಿಯೂತ ವರ್ಷಗಟ್ಟಲೆ ಸದ್ದಿಲ್ಲದೆ ನಡೆದಿರುತ್ತದೆ.

ಹೊಟ್ಟೆಯ ಸುತ್ತಲಿನ ಕೊಬ್ಬು ಸುಮ್ಮನೆ ಬಿದ್ದಿರುವ ಉಗ್ರಾಣವಲ್ಲ. ಕೊಬ್ಬಿನ ಕೋಶಗಳು ಮಿತಿಮೀರಿ ಉಬ್ಬಿದಾಗ ಅಲ್ಲಿಗೆ ಬಿಳಿರಕ್ತಕಣದ ಜಾತಿಯ ಭಕ್ಷಕ ಕೋಶಗಳು ಬಂದು ಸೇರುತ್ತವೆ. ಅವು ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಅಣುಗಳನ್ನು ರಕ್ತಕ್ಕೆ ಬಿಡುತ್ತವೆ. ಇವಕ್ಕೆ ಒಟ್ಟಾಗಿ ಸೈಟೊಕೈನ್ ಅನ್ನುತ್ತಾರೆ. ಒಂದು ಕೋಶ ಇನ್ನೊಂದಕ್ಕೆ ಬರೆಯುವ ಓಲೆ ಅಂದುಕೊಳ್ಳಿ. ಇದೇ ಹೊತ್ತಿಗೆ ಉರಿಯೂತ ತಣಿಸುವ ಅಡಿಪೊನೆಕ್ಟಿನ್ ಎಂಬ ಓಲೆ ಕಡಿಮೆಯಾಗುತ್ತದೆ. ಟಿಎನ್‌ಎಫ್ ಬಂದ ಕಡೆ ಇನ್ಸುಲಿನ್ನಿನ ಮಾತು ನಡೆಯುವುದಿಲ್ಲ. ಇನ್ಸುಲಿನ್ ಹಿಡಿತ ತಪ್ಪಿದ ಕೊಬ್ಬು ಕರಗಿ ಲಿವರಿಗೆ ಹರಿಯುತ್ತದೆ, ತುಂಬಿ ತುಳುಕುವ ಲಿವರ್ ಕೋಶಗಳು ತಾವೂ ಕೂಗು ಹಾಕುತ್ತವೆ. ಕೊನೆಗೆ ಓಲೆ ತಲುಪುವುದು ನಕ್ಷತ್ರ ಕೋಶಕ್ಕೆ. ಮಾಮೂಲಿಗೆ ಅದು ವಿಟಮಿನ್ ಎ ಕೂಡಿಡುವ ಸಾಧು ಕೋಶ. ಟಿಜಿಎಫ್ ಬೀಟಾ ಎಂಬ ಓಲೆ ಬಂದಿತೋ, ಇಟ್ಟುಕೊಂಡಿದ್ದ ವಿಟಮಿನ್ನನ್ನು ಬಿಟ್ಟುಕೊಟ್ಟು ಕೊಲಾಜೆನ್ ನಾರು ನೇಯಲು ಕೂರುತ್ತದೆ. ಆ ನಾರೇ ಫೈಬ್ರೋಸಿಸ್. ಮುಂದುವರಿದರೆ ಲಿವರು ಗಡಸಾಗಿ ಗಂಟುಗಟ್ಟುವ ಸಿರೋಸಿಸ್.

ನಿಮಗೆ ಈಗ ಗೊತ್ತಾಗಬೇಕಾದದ್ದು ನಾರು ಎಷ್ಟಾಗಿದೆ ಎಂಬುದು. ಎಸ್‌ಜಿಪಿಟಿ, ಎಸ್‌ಜಿಓಟಿ ಲಿವರ್ ಕೋಶ ಕೆಟ್ಟಾಗ ರಕ್ತಕ್ಕೆ ಸೋರುವ ಕಿಣ್ವಗಳು. ಎಸ್‌ಜಿಪಿಟಿ ಅದನ್ನು ಹೇಳುವುದಿಲ್ಲ, ಸ್ಕ್ಯಾನಿಂಗ್‌ನ ಗ್ರೇಡೂ ಹೇಳುವುದಿಲ್ಲ. ಫಿಬ್-4 ಎಂಬ ಲೆಕ್ಕವನ್ನು ಮನೆಯಲ್ಲೇ ಹಾಕಬಹುದು. ವಯಸ್ಸನ್ನು ಎಸ್‌ಜಿಓಟಿಯಿಂದ ಗುಣಿಸಿ: 46 × 52 = 2392. ಪ್ಲೇಟ್‌ಲೆಟ್ಟನ್ನು ಸಾವಿರಗಳಲ್ಲಿ ಬರೆದು, ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ: 240 × 8.83 = ಸುಮಾರು 2119. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.13. 1.3ಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನ ನಾರು ಇರುವ ಸಂಭವ ಕಡಿಮೆ, 2.67 ದಾಟಿದರೆ ತಜ್ಞರನ್ನು ನೋಡಲೇಬೇಕು. ನಡುವೆ ಇದ್ದರೆ ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್. ನಿಮ್ಮ ಪ್ಲೇಟ್‌ಲೆಟ್ 1.1 ಲಕ್ಷ ಇದ್ದಿದ್ದರೆ ಇದೇ ಲೆಕ್ಕ 2.46ಕ್ಕೆ ಏರುತ್ತಿತ್ತು. ಯಾರೂ ತಿರುಗಿ ನೋಡದ ಪ್ಲೇಟ್‌ಲೆಟ್ಟೇ ಇಲ್ಲಿ ತೂಕದ ಸಾಕ್ಷಿ. 35 ದಾಟದವರಿಗೆ ಈ ಲೆಕ್ಕ ನಂಬಿಕೆಯದಲ್ಲ. 65 ದಾಟಿದವರಿಗೆ ಕೆಳಗಿನ ಗಡಿ 2.0.

ಇನ್ನು ತೂಕ. 5% ಇಳಿದರೆ, ನಿಮ್ಮ ಲೆಕ್ಕದಲ್ಲಿ 3.6 ಕೆ.ಜಿ., ಲಿವರಿನ ಕೊಬ್ಬು ಕಡಿಮೆಯಾಗುತ್ತದೆ. ಉರಿಯೂತ ತಗ್ಗಲು 7%, ಅಂದರೆ 5 ಕೆ.ಜಿ. ಬೇಕು. ನಾರು ಸಡಿಲವಾಗಲು 10%. ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಸಾಕು. ಉಪವಾಸ ಬಿದ್ದು ಸರ್ರನೆ ಇಳಿಸಿದರೆ ಕರಗಿದ ಕೊಬ್ಬೆಲ್ಲ ಒಮ್ಮೆಲೇ ಲಿವರಿಗೇ ಬಂದು ಉರಿಯೂತ ಹೆಚ್ಚಬಹುದು, ಪಿತ್ತಕೋಶದಲ್ಲಿ ಕಲ್ಲೂ ಕಟ್ಟೀತು. ಮೊಟ್ಟೆ ತಿನ್ನದಿರುವುದು ಇಲ್ಲಿ ರಕ್ಷಣೆಯೇ ಅಲ್ಲ. ದಿನಕ್ಕೆ ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಅಂದರೆ 35–40 ಗ್ರಾಂ. ಅದರಲ್ಲಿ ಅರ್ಧ ಫ್ರಕ್ಟೋಸ್, ಅದರ ಬಹುಪಾಲು ಲಿವರಿಗೇ ಹೋಗಿ ಕೊಬ್ಬಾಗುತ್ತದೆ. ಸಕ್ಕರೆ ಬಿಡಿ, ಕಾಫಿ ಬಿಡಬೇಡಿ. ಎರಡು ಮುದ್ದೆಯ ಜಾಗದಲ್ಲಿ ಒಂದು ಮುದ್ದೆ, ಬಸ್ಸಾರಿನ ಕಾಳು-ಸೊಪ್ಪು ದುಪ್ಪಟ್ಟು. ವಾರಕ್ಕೆ 150 ನಿಮಿಷ, ಮಾತಾಡಲು ಸ್ವಲ್ಪ ಏದುಸಿರು ಬರುವಷ್ಟು ಬಿರುಸಿನ ನಡಿಗೆ. ಮುದ್ದೆಯಲ್ಲಿ ಎಷ್ಟೇ ಒಳ್ಳೆಯದಿದ್ದರೂ 100 ಗ್ರಾಂ ರಾಗಿ ಹಿಟ್ಟಿನಲ್ಲಿ 320 ಕ್ಯಾಲೊರಿಯ ಆಸುಪಾಸು ಇದೆ ಎಂಬುದನ್ನು ನಮ್ಮ ಕಡೆಯವರು ಒಪ್ಪುವುದು ಕಷ್ಟ!

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಹೆಪ್‌ಜಿ2 (ಲಿವರ್ ಗಡ್ಡೆಯಿಂದ ಬಂದ, ಪ್ರಯೋಗಾಲಯದಲ್ಲಿ ಬೆಳೆಸುವ) ಕೋಶಗಳಿಗೆ 20 ನ್ಯಾನೊಗ್ರಾಂ ಟಿಎನ್‌ಎಫ್ ಹಾಕಿ 24 ಗಂಟೆ ಇಟ್ಟೆವು. ಪುಸ್ತಕದಲ್ಲಿ ಟಿಎನ್‌ಎಫ್ ಲಿವರ್ ಕೋಶವನ್ನು ಕೊಲ್ಲುತ್ತದೆ ಎಂದಿದೆ. ನಮ್ಮ ಕೋಶಗಳು ಆರಾಮಾಗಿವೆ. ತಪ್ಪೆಲ್ಲಿ? (ತುಮಕೂರು)

ತಪ್ಪು ಪುಸ್ತಕದ ಅರ್ಧವಾಕ್ಯದಲ್ಲಿದೆ. ಆರೋಗ್ಯವಂತ ಲಿವರ್ ಕೋಶ ಟಿಎನ್‌ಎಫ್ ಒಂದರಿಂದಲೇ ಸಾಯುವುದಿಲ್ಲ.

ಟಿಎನ್‌ಎಫ್ ತನ್ನ ಮೊದಲ ಗ್ರಾಹಕಕ್ಕೆ, ಅಂದರೆ ಟಿಎನ್‌ಎಫ್‌ಆರ್1ಕ್ಕೆ ಅಂಟಿದಾಗ ಎರಡು ದಾರಿ ತೆರೆಯುತ್ತವೆ. ಮೊದಲನೆಯದು ಎನ್‌ಎಫ್-ಕಪ್ಪಾ ಬಿ ಎಂಬ ಪ್ರೋಟೀನಿನದು. ಅದು ಕೋಶಕೇಂದ್ರಕ್ಕೆ ಹೋಗಿ ಸಿ-ಫ್ಲಿಪ್, ಎ20 ಮುಂತಾದ ಕಾವಲು ಪ್ರೋಟೀನುಗಳನ್ನು ಹೊಸದಾಗಿ ಮಾಡಿಸುತ್ತದೆ. ಎರಡನೆಯದು ಕ್ಯಾಸ್ಪೇಸ್-8 ಎಂಬ ಕಿಣ್ವದ ಮೂಲಕ ಸಾವಿನ ದಾರಿ. ಕಾವಲು ಪ್ರೋಟೀನು ಹೊತ್ತಿಗೆ ತಯಾರಾದರೆ ಎರಡನೆಯ ದಾರಿ ಮುಚ್ಚಿಕೊಳ್ಳುತ್ತದೆ. ಓಲೆ ಒಂದೇ, ಓದಿಕೊಳ್ಳುವ ಕೋಶದ ಸ್ಥಿತಿ ಬೇರೆ ಬೇರೆ. ಈ ಪುಟದ ಮಿಕ್ಕ ಉತ್ತರಗಳಿಗೂ ಇದೇ ಬೀಗದ ಕೈ.

ಆದ್ದರಿಂದ ಹೊಸ ಪ್ರೋಟೀನು ಆಗದಂತೆ ತಡೆದು ನೋಡಬೇಕು. ಅದಕ್ಕೆ ಬಳಸುವ ವಿಷ ಆಕ್ಟಿನೊಮೈಸಿನ್ ಡಿ ಯನ್ನು ಮಿಲಿಲೀಟರಿಗೆ 0.2ರಿಂದ 1 ಮೈಕ್ರೊಗ್ರಾಂ, ಟಿಎನ್‌ಎಫ್‌ಗಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಹಾಕಿ. ನಾಲ್ಕು ಗುಂಪು ಇಡಲೇಬೇಕು: ಏನೂ ಹಾಕದ್ದು, ಟಿಎನ್‌ಎಫ್ ಮಾತ್ರ, ಆಕ್ಟಿನೊಮೈಸಿನ್ ಮಾತ್ರ, ಎರಡೂ. ಮೂರನೆಯ ಗುಂಪು ಬಿಟ್ಟವರ ಫಲಿತಾಂಶಕ್ಕೆ ಬೆಲೆಯಿಲ್ಲ, ಯಾಕೆಂದರೆ ಆ ವಿಷವೇ ಹೊತ್ತು ಹೋದಂತೆ ಕೋಶ ಕೊಲ್ಲುತ್ತದೆ. ಎಲ್ಲಕ್ಕೂ ದ್ರಾವಕದ (ಡಿಎಂಎಸ್‌ಓ) ಪ್ರಮಾಣ ಒಂದೇ ಇರಲಿ. ಬದುಕಿದ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆ ಒಂದನ್ನೇ ನಂಬಬೇಡಿ. ಕೋಶ ಬೆಳವಣಿಗೆ ನಿಧಾನಿಸಿದರೂ ಬಣ್ಣ ಇಳಿಯುತ್ತದೆ, ಅದು ಸಾವಿನಂತೆ ಕಾಣುತ್ತದೆ. ಜೊತೆಗೆ ಒಡೆದ ಕೋಶದಿಂದ ಹೊರಬೀಳುವ ಎಲ್‌ಡಿಎಚ್ ಕಿಣ್ವದ ಸೋರಿಕೆ ಮತ್ತು ಸಾವಿನ ದಾರಿಯ ಕಿಣ್ವ ಕ್ಯಾಸ್ಪೇಸ್-3 ಅಳೆಯಿರಿ.

ಟಿಎನ್‌ಎಫ್ ಸೀಸೆಯನ್ನೂ ಅನುಮಾನಿಸಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಸತ್ವ ಹೋಗುತ್ತದೆ. 0.1% ಬಿಎಸ್‌ಎ (ಹಸುವಿನ ಆಲ್ಬುಮಿನ್ ಪ್ರೋಟೀನು) ಇರುವ ದ್ರಾವಣದಲ್ಲಿ ಕರಗಿಸಿ, ಒಂದೊಂದು ಪ್ರಯೋಗಕ್ಕಾಗುವಷ್ಟು ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ.

ಮುಂದಿನ ಹೆಜ್ಜೆಯಾಗಿ ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪೊರೆಯ ತುಣುಕು) ಹಾಕುವ ಯೋಚನೆ ಇದ್ದರೆ ನಿರೀಕ್ಷೆ ಇಳಿಸಿಕೊಳ್ಳಿ. ಜೀವಂತ ಲಿವರಿನಲ್ಲಿ ಕರುಳಿನ ಬ್ಯಾಕ್ಟೀರಿಯಾದ ಎಲ್‌ಪಿಎಸ್‌ಗೆ ಟಿಎಲ್‌ಆರ್4 ಎಂಬ ಗ್ರಾಹಕದ ಮೂಲಕ ಮೊದಲು ಓಗೊಡುವುದು ಲಿವರಿನಲ್ಲೇ ನೆಲೆಸಿದ ಭಕ್ಷಕ ಕೋಶಗಳಾದ ಕುಪ್ಫರ್ ಕೋಶಗಳು. ನಿಮ್ಮ ತಟ್ಟೆಯಲ್ಲಿ ಅವು ಇಲ್ಲ. ಭಕ್ಷಕ ಕೋಶಗಳನ್ನು ಬೇರೆ ಬೆಳೆಸಿ, ಎಲ್‌ಪಿಎಸ್ ಕೊಟ್ಟು, ಅವುಗಳ ಮೇಲಿನ ದ್ರವವನ್ನು ಹೆಪ್‌ಜಿ2ಕ್ಕೆ ಹಾಕುವುದು ಇದಕ್ಕಿಂತ ಅರ್ಥವತ್ತಾದ ಪ್ರಯೋಗ. ಹೆಪ್‌ಜಿ2ದಲ್ಲಿ ಔಷಧ ಪರಿವರ್ತಿಸುವ ಸಿವೈಪಿ ಕಿಣ್ವಗಳೂ ತೀರಾ ಕಡಿಮೆ. ಪ್ಯಾರಸಿಟಮಾಲ್ ವಿಷಕ್ಕೆ ಇದು ಒಳ್ಳೆಯ ಮಾದರಿಯಲ್ಲ.

ಪ್ರಶ್ನೆ: ನಮ್ಮ ಮನೆಯವರು ದಿನಾ ಎರಡು ಕ್ವಾರ್ಟರ್ ಕುಡಿಯುತ್ತಿದ್ದರು. ಈಗ ಕಣ್ಣು ಹಳದಿ, ಜ್ವರ, ಹೊಟ್ಟೆ ಉಬ್ಬರ. ಬಿಲಿರುಬಿನ್ 12. ಪಿಟಿ 22 ಸೆಕೆಂಡ್, ಅದರ ಪಕ್ಕ 13 ಅಂತ ಬರೆದಿದೆ. ಸ್ಟೀರಾಯ್ಡ್ ಕೊಡುತ್ತೇವೆ ಅಂದಿದ್ದಾರೆ, ಭಯ. ಆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಇದೆಯಂತೆ, ಅದೇ ಕೊಡಬಾರದೇ? (ಕೋಲಾರ)

180 ಮಿಲಿಯ ಒಂದು ಕ್ವಾರ್ಟರಿನಲ್ಲಿ, 42.8% ಲೆಕ್ಕಕ್ಕೆ, ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇದೆ. ಎರಡಕ್ಕೆ 120. ಇಷ್ಟು ದಿನವೂ ಹೋದರೆ ಕರುಳಿನ ಗೋಡೆ ಸೋರತೊಡಗುತ್ತದೆ. ಲಿವರಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದಲೇ ಬರುವುದರಿಂದ ಬ್ಯಾಕ್ಟೀರಿಯಾದ ತುಣುಕುಗಳು ನೇರ ಅಲ್ಲಿಗೇ ತಲುಪುತ್ತವೆ. ಕುಪ್ಫರ್ ಕೋಶಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಬೀಟಾ ಬಿಡುತ್ತವೆ. ಇಂಟರ್‌ಲ್ಯೂಕಿನ್-8 ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳನ್ನು ಕರೆತರುತ್ತದೆ. ಆಲ್ಕೊಹಾಲಿನಿಂದ ಗ್ಲುಟಾಥಯೋನ್ (ವಿಷಗಳನ್ನು ಹಿಡಿದುಹಾಕುವ ಅಣು) ಖಾಲಿಯಾದ ಕೋಶಕ್ಕೆ ಕಾವಲಿಲ್ಲ, ತುಮಕೂರಿನ ವಿದ್ಯಾರ್ಥಿಗೆ ಹೇಳಿದ ಸಾವಿನ ದಾರಿ ಇಲ್ಲಿ ತೆರೆದೇ ಇರುತ್ತದೆ. ಸೋಂಕಿಲ್ಲದೆಯೂ ಜ್ವರ ಮತ್ತು ಬಿಳಿರಕ್ತಕಣದ ಏರಿಕೆ ಬರುವುದು ಇದರಿಂದಲೇ. ಆದರೂ ಸೋಂಕಿಲ್ಲ ಅಂತ ರಕ್ತ, ಮೂತ್ರ, ಹೊಟ್ಟೆನೀರಿನ ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳದೆ ಸ್ಟೀರಾಯ್ಡ್ ಶುರು ಮಾಡಬಾರದು.

ಅವರ ತೀವ್ರತೆಯ ಲೆಕ್ಕ ಹೀಗೆ: ಪಿಟಿ ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು, ಪಕ್ಕದ 13 ಹೋಲಿಕೆಯ ಮಾಮೂಲಿ ಹೊತ್ತು. 22ರಲ್ಲಿ 13 ಕಳೆದರೆ ವ್ಯತ್ಯಾಸ 9, ಅದನ್ನು 4.6ರಿಂದ ಗುಣಿಸಿದರೆ 41.4, ಅದಕ್ಕೆ ಬಿಲಿರುಬಿನ್ 12 ಕೂಡಿಸಿದರೆ 53.4. ಇದಕ್ಕೆ ಮ್ಯಾಡ್ರಿ ಅಂಕ ಅನ್ನುತ್ತಾರೆ. 32 ಮುಟ್ಟಿದರೆ ತೀವ್ರ. ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿ.ಗ್ರಾಂ., 28 ದಿನ ಎಂಬುದು ಪದ್ಧತಿ. ಏಳನೆಯ ದಿನ ಲಿಲ್ ಅಂಕ ನೋಡುತ್ತಾರೆ. 0.45 ದಾಟಿದ್ದರೆ ಔಷಧ ನಾಟುತ್ತಿಲ್ಲ ಎಂದರ್ಥ, ಆಗ ನಿಲ್ಲಿಸುವುದೇ ಸರಿ. ಏಳನೆಯ ದಿನ ಆ ಲೆಕ್ಕವನ್ನು ಕೇಳಿ, ಕೇಳುವುದು ನಿಮ್ಮ ಹಕ್ಕು.

ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಪ್ರಯತ್ನ ಆಗಿಹೋಗಿದೆ. ಇನ್‌ಫ್ಲಿಕ್ಸಿಮ್ಯಾಬ್ ಮೇಲಿನ ಫ್ರಾನ್ಸಿನ ಪ್ರಯೋಗವನ್ನು ಸೋಂಕು ಹೆಚ್ಚಿದ್ದಕ್ಕೆ ನಡುವೆಯೇ ನಿಲ್ಲಿಸಬೇಕಾಯಿತು, ಅದು 2004ರಲ್ಲಿ ಪ್ರಕಟವಾಯಿತು. 2008ರಲ್ಲಿ ಬಂದ, ಇಂಥದೇ ಇನ್ನೊಂದು ಔಷಧ ಎಟನರ್‌ಸೆಪ್ಟ್‌ನ ಪ್ರಯೋಗದಲ್ಲಿ ಆರು ತಿಂಗಳ ಹೊತ್ತಿಗೆ ಔಷಧ ಪಡೆದ ಗುಂಪಿನಲ್ಲೇ ಸಾವು ಹೆಚ್ಚು ಕಂಡಿತು. ಕಾರಣ ಊಹಿಸಲು ಕಷ್ಟವಿಲ್ಲ. ಬ್ಯಾಕ್ಟೀರಿಯಾ ಎದುರಿಸಲೂ ಟಿಎನ್‌ಎಫ್ ಬೇಕು, ಲಿವರ್ ಮತ್ತೆ ಬೆಳೆಯಲೂ ಬೇಕು. ಮಲಗಿರುವ ಲಿವರ್ ಕೋಶವನ್ನು ವಿಭಜನೆಗೆ ಎಬ್ಬಿಸುವುದೇ ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-6.

ನಿಮ್ಮ ಕೈಯಲ್ಲಿರುವುದು ಊಟ. ಕಾಮಾಲೆ ಅಂತ ಬರೀ ಗಂಜಿ, ಮಜ್ಜಿಗೆ ಕೊಡುವುದು ಇಲ್ಲಿ ದೊಡ್ಡ ತಪ್ಪು. ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.2–1.5 ಗ್ರಾಂ ಪ್ರೋಟೀನು, 60 ಕೆ.ಜಿ.ಯವರಿಗೆ 72–90 ಗ್ರಾಂ ಬೇಕು. ಬೇಳೆ, ಮೊಟ್ಟೆ, ಹಾಲು, ಮೊಸರು ಸಣ್ಣ ಸಣ್ಣ ಹೊತ್ತಿಗೆ. ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಿಸಿ, ಬರಿಹೊಟ್ಟೆಯ ದೀರ್ಘ ರಾತ್ರಿಯಲ್ಲಿ ಮೈಯ ಮಾಂಸ ಕರಗುತ್ತದೆ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ಕಡಿಮೆ, ಉಪ್ಪಿನಕಾಯಿ ಹಪ್ಪಳ ಬೇಡ. ಕುಡಿತ ಬಿಡಿಸುವ ಪುಡಿ ಅಂತ ಊಟಕ್ಕೆ ಗೊತ್ತಿಲ್ಲದೆ ಬೆರೆಸಬೇಡಿ. ಅಂಥದ್ದರಲ್ಲಿ ಕುಡಿತ ಬಿಡಿಸುವ ಔಷಧ ಡೈಸಲ್ಫಿರಾಂ ಇದ್ದರೆ ಈ ಲಿವರಿಗೆ ಅದೇ ಅಪಾಯ. ಕುಡಿತ ಬಿಡುವ ವಿಷಯಕ್ಕೆ 14416 ಟೆಲಿಮಾನಸ್ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಜ್ವರಕ್ಕೆ ಡೋಲೊ 650 ದಿನಕ್ಕೆ ಎಷ್ಟು ತಗೊಂಡರೆ ಲಿವರಿಗೆ ಪೆಟ್ಟು? ಮಗುವಿಗೂ (12 ಕೆ.ಜಿ.) ಪ್ಯಾರಸಿಟಮಾಲ್ ಕೊಡುತ್ತಿದ್ದೇವೆ. (ಚಿಂತಾಮಣಿ)

ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಎಂಬುದು ಕಟ್ಟಕಡೆಯ ಗಡಿ. 650ರ ನಾಲ್ಕು ಮಾತ್ರೆ 2.6 ಗ್ರಾಂ, ಆರು ಮಾತ್ರೆ 3.9. ಬಡಕಲು ಮೈಯವರು, ದಿನಾ ಕುಡಿಯುವವರು, ನಾಲ್ಕು ದಿನದಿಂದ ಊಟ ಬಿಟ್ಟವರು 2 ಗ್ರಾಂ ದಾಟದಿರುವುದು ಕ್ಷೇಮ. ಎಡವಟ್ಟಾಗುವುದು ಸಾಮಾನ್ಯವಾಗಿ ಎರಡು ಹೆಸರಿನಿಂದ: ಜ್ವರಕ್ಕೊಂದು ಮಾತ್ರೆ, ನೆಗಡಿಗೆ ಇನ್ನೊಂದು, ಎರಡರಲ್ಲೂ ಪ್ಯಾರಸಿಟಮಾಲ್. ಹಿಂಬದಿಯ ಸಣ್ಣಕ್ಷರ ಓದಿ.

ಲಿವರ್ ಈ ಔಷಧದ ಒಂದು ಸಣ್ಣ ಪಾಲನ್ನು ನಾಪ್‌ಕ್ವಿ ಎಂಬ ವಿಷವಾಗಿಸುತ್ತದೆ, ಗ್ಲುಟಾಥಯೋನ್ ಅದನ್ನು ತಕ್ಷಣ ಹಿಡಿದು ಹಾಕುತ್ತದೆ. ಗ್ಲುಟಾಥಯೋನ್ ಮುಗಿದರೆ ಆ ವಿಷ ಕೋಶದ ಮೈಟೊಕಾಂಡ್ರಿಯಾಕ್ಕೆ ಕೈಹಾಕುತ್ತದೆ. ಸತ್ತ ಕೋಶ ಒಡೆದು ಚೆಲ್ಲುವ ಎಚ್‌ಎಂಜಿಬಿ1 ಎಂಬ ಪ್ರೋಟೀನು, ಮೈಟೊಕಾಂಡ್ರಿಯಾದ ಡಿಎನ್‌ಎ ಇವೇ ಹೊಸ ಓಲೆಗಳಾಗಿ ಉರಿಯೂತ ಹಚ್ಚುತ್ತವೆ. ಒಂದು ಕ್ರಿಮಿಯೂ ಇಲ್ಲದ ಉರಿಯೂತ. ಮೊದಲ ದಿನ ಬರೀ ವಾಕರಿಕೆ, ಕೆಲವರಿಗೆ ಅದೂ ಇಲ್ಲ. ಎಸ್‌ಜಿಪಿಟಿ ಶಿಖರ ಮುಟ್ಟುವುದು ಮೂರು-ನಾಲ್ಕನೆಯ ದಿನ. ‘ಏನೂ ಆಗಿಲ್ಲವಲ್ಲ’ ಅಂತ ಕಾಯುವುದರಲ್ಲೇ ಹೊತ್ತು ಕಳೆದುಹೋಗುತ್ತದೆ. ಪ್ರಮಾಣ ಮೀರಿದೆ ಎಂದು ಗೊತ್ತಾದ ಕ್ಷಣ ಆಸ್ಪತ್ರೆಗೆ ಹೋಗಿ. ಮದ್ದು ಎನ್-ಅಸಿಟೈಲ್‌ಸಿಸ್ಟೀನ್, ಗ್ಲುಟಾಥಯೋನ್ ಮತ್ತೆ ತುಂಬಿಸುತ್ತದೆ. 8 ಗಂಟೆಯೊಳಗೆ ಸಿಕ್ಕರೆ ಫಲ ಅತ್ಯುತ್ತಮ, ತಡವಾದರೂ ಕೊಡುತ್ತಾರೆ.

12 ಕೆ.ಜಿ. ಮಗುವಿಗೆ ಒಂದು ಸಲಕ್ಕೆ 120–180 ಮಿ.ಗ್ರಾಂ., ನಡುವೆ ಕನಿಷ್ಠ 4–6 ಗಂಟೆ, ದಿನಕ್ಕೆ ನಾಲ್ಕು ಸಲ ಮೀರದಂತೆ. 5 ಮಿಲಿಗೆ 120 ಮಿ.ಗ್ರಾಂ. ಇರುವ ಸಿರಪ್ಪಾದರೆ 5–7.5 ಮಿಲಿ, 5 ಮಿಲಿಗೆ 250 ಇರುವುದಾದರೆ 2.5–3.5 ಮಿಲಿ, ಮಿಲಿಗೆ 100 ಇರುವ ಡ್ರಾಪ್ಸ್ ಆದರೆ 1.2–1.8 ಮಿಲಿ ಮಾತ್ರ. ಡ್ರಾಪ್ಸನ್ನು ಸಿರಪ್ಪಿನ ಹಾಗೆ 5 ಮಿಲಿ ಹಾಕಿದರೆ 500 ಮಿ.ಗ್ರಾಂ. ಒಳಗೆ ಹೋಯಿತು. ಡೆಂಗಿ ಇರಬಹುದೆಂಬ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ.

ಪ್ರಶ್ನೆ: ಕೀಲುವಾತಕ್ಕೆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಬರೆದಿದ್ದಾರೆ. ಮೊದಲು ಹೆಪಟೈಟಿಸ್ ಬಿ ಟೆಸ್ಟ್ ಅಂತೆ. ಕೀಲಿಗೂ ಕಾಮಾಲೆಗೂ ಏನು ಸಂಬಂಧ? (ಮುಳಬಾಗಿಲು)

ತುಂಬಾ ಸಂಬಂಧ ಇದೆ, ಟೆಸ್ಟ್ ತಪ್ಪಿಸಬೇಡಿ. ಹೆಪಟೈಟಿಸ್ ಬಿ ವೈರಸ್ ಎಂದೋ ವಾಸಿಯಾದಂತೆ ಕಂಡವರಲ್ಲೂ ಲಿವರ್ ಕೋಶದೊಳಗೆ ಅಡಗಿರುತ್ತದೆ. ಅದನ್ನು ಅದುಮಿ ಇಟ್ಟಿರುವ ಓಲೆಗಳಲ್ಲಿ ಟಿಎನ್‌ಎಫ್ ಮತ್ತು ಇಂಟರ್‌ಫೆರಾನ್ ಗ್ಯಾಮಾ ಸೇರಿವೆ. ಇಂಜೆಕ್ಷನ್ ಒಂದನ್ನು ಕಿತ್ತುಕೊಂಡರೆ ವೈರಸ್ ಹೆಡೆ ಎತ್ತಬಹುದು. ಈ ವೈರಸ್ಸು ಕೋಶವನ್ನು ತಾನಾಗಿ ಅಷ್ಟೇನೂ ಕೊಲ್ಲುವುದಿಲ್ಲ, ಸೋಂಕಿತ ಕೋಶಗಳನ್ನು ಕೊಲ್ಲುವುದು ನಮ್ಮದೇ ಟಿ ಕೋಶಗಳು. ವೈರಸ್ ಹೆಚ್ಚಿದ ಮೇಲೆ ಅವು ಎಚ್ಚೆತ್ತರೆ ಲಿವರಿನಲ್ಲಿ ಹತ್ಯಾಕಾಂಡವೇ ಆಗುತ್ತದೆ.

ವೈರಸ್ ಈಗ ಇದೆಯೇ ಎಂದು ನೋಡುವ ಎಚ್‌ಬಿಎಸ್‌ಎಜಿ ಒಂದೇ ಸಾಲದು, ಹಿಂದೆ ಬಂದು ಹೋಗಿದೆಯೇ ಎಂದೂ ತಿಳಿಸುವ ಆಂಟಿ-ಎಚ್‌ಬಿಸಿ ಟೋಟಲ್ ಕೂಡ ಮಾಡಿಸಿ. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ವೈರಸ್ ಅದುಮುವ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆ ಶುರು ಮಾಡಿದ ಮೇಲೆಯೇ ಇಂಜೆಕ್ಷನ್. ಇಂಜೆಕ್ಷನ್ ಮುಗಿದರೂ ಆ ಮಾತ್ರೆ ಮುಂದುವರಿಯಬೇಕು, ನೀವಾಗಿ ನಿಲ್ಲಿಸಬೇಡಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಪರೀಕ್ಷೆ, ಔಷಧ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಜೊತೆಗೆ ಮೆಥೊಟ್ರೆಕ್ಸೇಟ್ ಬರೆದಿದ್ದರೆ ಅದು ವಾರಕ್ಕೊಮ್ಮೆಯ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ.

ಪ್ರಶ್ನೆ: ಮಳೆಗೆ ಸಿಕ್ಕ ಕಡಲೆಕಾಯಿಗೆ ಬೂಷ್ಟು ಹಿಡಿದಿದೆ. ಹುರಿದರೆ ಸರಿಹೋಗುತ್ತದೆಯೇ? ಹಸುವಿಗಾದರೂ ಹಾಕಬಹುದೇ? (ಪಾವಗಡ)

ಎರಡೂ ಬೇಡ. ಹಳದಿ-ಹಸಿರು ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್ ಇರಬಹುದು, ಅದು ಮಾಡುವ ವಿಷ ಅಫ್ಲಾಟಾಕ್ಸಿನ್. ಬಾಣಲೆಯ ಬಿಸಿಗೆ ಬೂಷ್ಟು ಸತ್ತೀತು, ವಿಷ ಪೂರ್ತಿ ಹೋಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ; ಈ ವಿಷ ಪತ್ತೆಯಾದದ್ದೇ ಹಾಗೆ. ಲಿವರ್ ಇದನ್ನು ಎಪಾಕ್ಸೈಡ್ ಎಂಬ ಚುರುಕು ರೂಪಕ್ಕೆ ಬದಲಿಸುತ್ತದೆ, ಅದು ಡಿಎನ್‌ಎಗೆ ಅಂಟುತ್ತದೆ. ಹೆಪಟೈಟಿಸ್ ಬಿ ಉರಿಯೂತ ಇದ್ದವರಲ್ಲಿ ಕೋಶಗಳು ಸತ್ತು ಹುಟ್ಟುತ್ತಲೇ ಇರುತ್ತವೆ, ಕೆಟ್ಟ ಡಿಎನ್‌ಎ ನಕಲಾಗುತ್ತಲೇ ಇರುತ್ತದೆ. ಎರಡೂ ಕೂಡಿದಲ್ಲಿ ಲಿವರ್ ಕ್ಯಾನ್ಸರಿನ ಅಪಾಯ ಹಲವು ಪಟ್ಟು.

ಹಸುವಿಗೆ ಹಾಕಿದರೆ ವಿಷ ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿಗೆ ಬರುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಗಾಣದಲ್ಲಿ ಅರೆದಾಗ ವಿಷದ ಹೆಚ್ಚು ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಎಣ್ಣೆಗೂ ಸ್ವಲ್ಪ ಇಳಿಯುತ್ತದೆ.

ಮುಂದಿನ ಬೆಳೆಗೆ: ಕಾಯಿ ಕಟ್ಟುವ ಕೊನೆಯ ವಾರಗಳಲ್ಲಿ ಬರ ಬಿದ್ದರೆ ಹೊಲದಲ್ಲೇ ಬೂಷ್ಟು ಸೇರುತ್ತದೆ, ಸಾಧ್ಯವಿದ್ದರೆ ಆಗೊಂದು ನೀರು ಕೊಡಿ. ಕಿತ್ತ ಗಿಡವನ್ನು ಕಾಯಿ ಮೇಲೆ ಮಾಡಿ ಒಣಗಿಸಿ. ತೇವ 8%ಕ್ಕೆ ಇಳಿಯುವವರೆಗೆ ಮೂಟೆ ಕಟ್ಟಬೇಡಿ. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ಬೀಜದ ಸಿಪ್ಪೆ ಉಜ್ಜಿದರೆ ಬಿಡಬೇಕು. ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಬಿತ್ತನೆ ಬೀಜ ಬಿಡಿಸುವಾಗ ನೀರು ಚಿಮುಕಿಸಿದ್ದರೆ ಮಿಕ್ಕದ್ದನ್ನು ತಿನ್ನಲು ಇಡಬೇಡಿ. ಸುಕ್ಕಿದ, ಬಣ್ಣಗೆಟ್ಟ, ಒಡೆದ ಬೀಜ ಆರಿಸಿ ಹೂತುಹಾಕಿ. ವಿಷದ ಬಹುಪಾಲು ಇಂಥ ಕೆಲವೇ ಬೀಜಗಳಲ್ಲಿರುತ್ತದೆ.

ಪ್ರಶ್ನೆ: ಕಾಮಾಲೆಗೆ ನೆಲನೆಲ್ಲಿ, ದಿನವೂ ಅಮೃತಬಳ್ಳಿ ಕಷಾಯ, ಇವು ಲಿವರಿಗೆ ಒಳ್ಳೆಯದಲ್ಲವೇ? (ಶಿಡ್ಲಘಟ್ಟ)

ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಹೆಸರು ಮಾತ್ರ ಆ ಹೊತ್ತಿಗೆ ಕುಡಿದ ಸೊಪ್ಪಿಗೆ ಬರುತ್ತದೆ. ಅಮೃತಬಳ್ಳಿಯ ವಿಷಯ ಬೇರೆ. ಅದನ್ನು ರೋಗನಿರೋಧಕ ಶಕ್ತಿ ಹೆಚ್ಚಿಸಲೆಂದೇ ಕುಡಿಯುತ್ತಾರೆ, ಆದರೆ ಹೆಚ್ಚಿದ ಶಕ್ತಿ ಯಾರ ಮೇಲೆ ಎರಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಕೋವಿಡ್ ಕಾಲದಲ್ಲಿ ವಾರ-ತಿಂಗಳುಗಟ್ಟಲೆ ಕುಡಿದವರಲ್ಲಿ ಸ್ವಪ್ರತಿರೋಧದ (ರೋಗನಿರೋಧಕ ಶಕ್ತಿ ತನ್ನ ಮೈಯ ಮೇಲೇ ಎರಗುವ) ಬಗೆಯ ಹೆಪಟೈಟಿಸ್ ಕಂಡದ್ದನ್ನು ದೇಶದ ಹಲವು ಊರುಗಳ ಲಿವರ್ ವೈದ್ಯರು ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಥೈರಾಯ್ಡ್, ಕೀಲುವಾತದಂಥ ಸ್ವಪ್ರತಿರೋಧದ ಕಾಯಿಲೆ ಇರುವವರು, ಎಸ್‌ಜಿಪಿಟಿ ಏರಿರುವವರು ಬಿಡುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಕಾಮಾಲೆಯಲ್ಲಿ ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ, ಹಗಲು ನಿದ್ದೆ ರಾತ್ರಿ ಎಚ್ಚರ ಆದರೆ, ಐಎನ್‌ಆರ್ (ಪಿಟಿಯಿಂದ ಹಾಕುವ, ರಕ್ತ ಹೆಪ್ಪುಗಟ್ಟುವ ಲೆಕ್ಕ) 1.5 ಮುಟ್ಟಿದರೆ ಸೊಪ್ಪು, ಬರೆ ಯಾವುದಕ್ಕೂ ಕಾಯಬೇಡಿ. ಗರ್ಭಿಣಿಗೆ ಕಾಮಾಲೆ ಬಂದರೆ ಅದೇ ದಿನ ಆಸ್ಪತ್ರೆ.

ಪ್ರಶ್ನೆ: ನನಗೆ ಸಿರೋಸಿಸ್ ಇದೆ. ಉರಿಯೂತ ಎಷ್ಟಿದೆ ಎಂದು ತಿಳಿಯಲು ಟಿಎನ್‌ಎಫ್, ಐಎಲ್-6 ಟೆಸ್ಟ್ ಮಾಡಿಸಲೇ? ಸಿಆರ್‌ಪಿ ಕಡಿಮೆ ಇದೆ ಅಂದರೆ ಧೈರ್ಯವೇ? (ತಿಪಟೂರು)

ಬೇಡ. ಟಿಎನ್‌ಎಫ್ ಹೆಚ್ಚಾಗಿ ಬಿಟ್ಟ ಜಾಗದ ಆಸುಪಾಸಿನಲ್ಲೇ ಕೆಲಸ ಮುಗಿಸುತ್ತದೆ, ರಕ್ತದಲ್ಲಿ ನಿಮಿಷಗಳಲ್ಲಿ ಮಾಯ. ತೋಳಿನ ರಕ್ತದ ಅಂಕಿ ಲಿವರಿನೊಳಗಿನ ಸುದ್ದಿ ಹೇಳುವುದಿಲ್ಲ, ಅದನ್ನು ನೋಡಿ ಬದಲಿಸುವ ಔಷಧವೂ ಇಲ್ಲ. ಉರಿಯೂತ ತಿಳಿಯಲು ರಕ್ತದಲ್ಲಿ ಅಳೆಯುವ ಸಿಆರ್‌ಪಿ ಎಂಬ ಪ್ರೋಟೀನಿನ ಕಥೆ ಇನ್ನೂ ತಮಾಷೆಯದು: ಇಂಟರ್‌ಲ್ಯೂಕಿನ್-6 ಹೇಳಿದಾಗ ಅದನ್ನು ಮಾಡಿಕೊಡುವುದೇ ಲಿವರು. ತೀರಾ ಸೋತ ಲಿವರಿನಲ್ಲಿ ಸೋಂಕು ಇದ್ದರೂ ಸಿಆರ್‌ಪಿ ಏರಬೇಕಾದಷ್ಟು ಏರದೆ ಇರಬಹುದು. ಹೊಟ್ಟೆನೀರು ಇದ್ದು ಜ್ವರ, ಹೊಟ್ಟೆನೋವು, ಮಂಕು ಬಂದರೆ ಸಿಆರ್‌ಪಿ ಕಡಿಮೆ ಎಂದು ಕೂರದೆ ಆ ನೀರನ್ನು ತೆಗೆಸಿ ಕಣ ಎಣಿಸಬೇಕು. ನ್ಯೂಟ್ರೋಫಿಲ್ 250 ಮುಟ್ಟಿದರೆ ಆ್ಯಂಟಿಬಯೋಟಿಕ್ ಅಂದೇ ಶುರು. ಟಿಎನ್‌ಎಫ್ ಟೆಸ್ಟಿನ ದುಡ್ಡಿಗೆ ಆಲ್ಬುಮಿನ್, ಪಿಟಿ-ಐಎನ್‌ಆರ್, ಕ್ರಿಯಾಟಿನಿನ್ ಮತ್ತು ಆರು ತಿಂಗಳಿಗೊಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ.